ಜಯಮ್ಮನ ಬಾವಿಯ ನೀಲಿ ಕಲ್ಲು

ಹಸಿ ಮಣ್ಣಿನ ವಾಸನೆಗಳಲ್ಲಿ ಒಂದನ್ನು ನಾನು ಕಣ್ಣು ಮುಚ್ಚಿಕೊಂಡೂ ಗುರುತಿಸಬಲ್ಲೆ. ಮೊದಲ ಮಳೆಯದಲ್ಲ, ಅದು ಎಲ್ಲರಿಗೂ ಗೊತ್ತು. ಬಾವಿಯ ತಳದಿಂದ ಆಗತಾನೆ ಮೇಲೆ ಬಂದ, ಸಾಬೂನಿನ ಹಾಗೆ ಜಾರುವ, ನೀಲಿಯೋ ಹಸಿರೋ ಹೇಳಲಾಗದ ಜೇಡಿಯ ವಾಸನೆ ಅದು. ಹೋದ ತಿಂಗಳು ನಮ್ಮ ಕಾಲೇಜಿನ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ದೇವಸ್ಥಾನದ ಹೊರಗೆ ಕೂತು ಬಳಪದ ಕಲ್ಲಿನ ಪಾಠ ಮುಗಿಸಿ ಹಾಸನದ ಮೇಲೆ ಅರಸೀಕೆರೆಗೆ ವಾಪಸು ಬರುವಾಗ, ಗಂಡಸಿ ದಾಟುತ್ತಿದ್ದ ಹಾಗೆ ರಸ್ತೆ ಪಕ್ಕ ಪೈಪು ಹಾಕಲು ಆಳವಾಗಿ ತೋಡುತ್ತಿದ್ದರು. ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಹುಡುಗಿಯೊಬ್ಬಳು ಏನೋ ಪ್ರಶ್ನೆ ಕೇಳುತ್ತಿದ್ದಳು, ನಾನು ಉತ್ತರ ಹೇಳುವುದನ್ನೇ ಮರೆತೆ. ಮನಸ್ಸು ಜಯಮ್ಮನ ಬಾವಿಯ ಕಟ್ಟೆಯ ಮೇಲೆ ಹೋಗಿ ಕೂತಿತ್ತು.

ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಕಲ್ಲು ಹುಡುಕುವುದು. ಎಲ್ಲ ಕಲ್ಲೂ ಅಲ್ಲ, ಒಂದೇ ಬಗೆಯ ಕಲ್ಲು. ನೂರು ಕೋಟಿ ವರ್ಷಗಳ ಹಿಂದೆ ಭೂಮಿಯ ಬಹಳ ಆಳದಿಂದ ಕಿರಿದಾದ ಬಿರುಕುಗಳಲ್ಲಿ ನುಗ್ಗಿ ಬಂದು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕಿತ್ತುಕೊಂಡು ಬಂದು ಹೆಪ್ಪುಗಟ್ಟಿದ ಜ್ವಾಲಾಮುಖಿ ಕಲ್ಲು. ಅದರ ಹೆಸರು ಕಿಂಬರ್ಲೈಟ್. ವಜ್ರ ಸಿಗುವುದಾದರೆ ಮುಖ್ಯವಾಗಿ ಇಂಥ ಕಲ್ಲಿನಲ್ಲೇ. ಆದರೆ ಇಂಥ ಕಲ್ಲು ಸಿಕ್ಕಲ್ಲೆಲ್ಲ ವಜ್ರ ಸಿಗುವುದಿಲ್ಲ; ಬಹುಪಾಲು ಬರಿಗೈ. ಇದನ್ನು ಜನರಿಗೆ ಬಿಡಿಸಿ ಹೇಳುವುದಿದೆಯಲ್ಲ, ಕಲ್ಲು ಹುಡುಕುವುದಕ್ಕಿಂತ ಕಷ್ಟದ ಕೆಲಸ ಅದು.

ಅದು ವಿಶ್ವವಿದ್ಯಾಲಯದ ಒಂದು ಯೋಜನೆ; ಮುಖ್ಯಸ್ಥರು ಶ್ರೀಧರ ಸರ್. ನಿವೃತ್ತಿಗೆ ಹತ್ತಿರ ಬಂದಿದ್ದವರು, ಮಂಡಿನೋವಿನವರು, ಮಾತು ಕಡಿಮೆ. ಜೀಪು ಓಡಿಸುತ್ತಿದ್ದವನು ಮಂಜ. ಅವನದು ಮಾತು ಜಾಸ್ತಿ. ಮೂವರೂ ಹಳೇಬೀಡಿನಲ್ಲಿ ಎರಡು ರೂಮು ಹಿಡಿದು ಬೇಲೂರಿನ ಕಡೆಯ ಹಳ್ಳಗಳಿಂದ ಕೆಲಸ ಶುರು ಮಾಡಿದೆವು. ಅವರೆಕಾಯಿಯ ಕಾಲ. ರಾಗಿ ಕೊಯ್ಲು ಮುಗಿದು ಟಾರ್ ರಸ್ತೆಯ ಮೇಲೆಲ್ಲ ತೆನೆ ಹರಡಿರುತ್ತಿತ್ತು. ನಮ್ಮ ಜೀಪೂ ದಿನಾ ಒಂದಿಷ್ಟು ರಾಗಿ ತುಳಿದು ಪುಣ್ಯ ಕಟ್ಟಿಕೊಳ್ಳುತ್ತಿತ್ತು. ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಮಾದಿಹಳ್ಳಿಯ ಬಸ್ಸು ಹತ್ತಿರ ಬರುವವರೆಗೂ ಬರಿಯ ಹಾರನ್ ಆಗಿಯೇ ಇರುತ್ತಿತ್ತು.

ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಹಳ್ಳದ ತಿರುವಿನಲ್ಲಿ, ನೀರು ತನ್ನ ಭಾರ ಇಳಿಸಿ ಹೋಗುವ ಕಡೆ, ಮರಳು ತೋಡುವುದು. ಜರಡಿ ಹಿಡಿಯುವುದು. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಸುತ್ತಿಸಿ ಸುತ್ತಿಸಿ ಹಗುರ ಮರಳನ್ನು ಹೊರಚೆಲ್ಲುವುದು. ಕೊನೆಗೆ ತಳದಲ್ಲಿ ಒಂದು ಚಮಚದಷ್ಟು ಕಪ್ಪು ಹುಡಿ ಉಳಿಯುತ್ತದೆ. ಆ ಹುಡಿಯಲ್ಲಿ ಭೂಮಿಯ ಆಳದಿಂದ ಬಂದ ಗಾರ್ನೆಟ್ ಎಂಬ ಕೆಂಪು ಹರಳು ಇದೆಯೇ ಎಂದು ಲೆನ್ಸಿನಲ್ಲಿ ನೋಡುವುದು. ಇದ್ದರೆ ಆ ಕಲ್ಲು ಎಲ್ಲೋ ಮೇಲ್ಗಡೆ ಇದೆ ಎಂದರ್ಥ. ಹಳ್ಳದ ಗುಂಟ ಹತ್ತುತ್ತ ಹೋಗಬೇಕು. ಬೇಲೂರಿನ ಕಡೆ ಇಡೀ ಒಂದು ತಿಂಗಳು ಹೀಗೆ ಬಗ್ಗಿಕೊಂಡೇ ಕಳೆದೆವು. ಏನೂ ಸಿಗಲಿಲ್ಲ. ಬಸ್ತಿಹಳ್ಳಿಯ ಹತ್ತಿರ ಹಳ್ಳದಲ್ಲಿ ಕೂತಿದ್ದಾಗ ಮಾತ್ರ ಊರವರು ನಾಲ್ಕು ಜನ ಬಂದು ಸುತ್ತ ನಿಂತರು.

"ನಿಧಿ ತೆಗಿಯಕ್ ಬಂದಿದ್ದೀರೇನ್ರಿ?" ಎಂದ ಒಬ್ಬ. ಬಸದಿಗಳು ಇರುವ ಊರು, ಕೇಳಬೇಕಾದ ಪ್ರಶ್ನೆಯೇ. ಸರ್ ಪರವಾನಗಿ ಪತ್ರ ತೋರಿಸಿದರು. ನಾನು ತಟ್ಟೆಯನ್ನೇ ಅವನ ಕೈಗೆ ಕೊಟ್ಟೆ. ಅವನು ಕಪ್ಪು ಹುಡಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ, "ಇದಕ್ಕೇನ್ಲಾ ಜೀಪ್ ಹತ್ತಿ ಬರ್ತಾರೆ!" ಎಂದು ಜೊತೆಗಿದ್ದವರಿಗೆ ಹೇಳಿ ತಟ್ಟೆ ವಾಪಸು ಕೊಟ್ಟ.

ಸಂಕ್ರಾಂತಿ ಕಳೆದ ಮೇಲೆ ಅರಸೀಕೆರೆ ತಾಲ್ಲೂಕಿಗೆ, ನನ್ನ ಊರ ಕಡೆಗೆ ಬಂದೆವು. ನನ್ನ ತಂದೆ ಅರಸೀಕೆರೆಯಲ್ಲಿ ಹೈಸ್ಕೂಲು ಮೇಷ್ಟರಾಗಿದ್ದವರು. ನಮ್ಮ ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ನಾನು ಚಿಕ್ಕಂದಿನಿಂದ ಆರಿಸಿ ತಂದ ಕಲ್ಲುಗಳ ಸಾಲೇ ಇತ್ತು. ಗಂಡಸಿ ಹೋಬಳಿಯ ಒಂದು ಹಳ್ಳದಲ್ಲಿ ತಟ್ಟೆ ಸುತ್ತಿಸುತ್ತಿದ್ದಾಗ ಮೊದಲ ಹರಳು ಕಂಡಿತು. ನಮ್ಮ ಕಡೆಯ ಬಂಡೆಗಳಲ್ಲಿ ಗಾರ್ನೆಟ್ ಹೊಸದೇನಲ್ಲ. ಆದರೆ ಅದು ಇಟ್ಟಿಗೆಯ ಕೆಂಪು. ಇದು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ.

"ಸರ್, ಇದು ಬೇರೆ," ಎಂದೆ.

ಅವರು ಲೆನ್ಸು ಹಿಡಿದು ನೋಡಿದರು. "ಇರಬಹುದು. ಇಲ್ಲದೆಯೂ ಇರಬಹುದು. ಬೆಳಕಿನ ಆಟ ಸುಜಾತಾ. ಲ್ಯಾಬಿಗೆ ಕಳಿಸೋಣ, ನಾವು ಮುಂದೆ ಹೋಗೋಣ."

"ಮುಂದೆ ಬೇಡ ಸರ್. ಮೇಲೆ ಹೋಗೋಣ."

ಯುಗಾದಿಯ ಹೊತ್ತಿಗೆ ಯೋಜನೆ ಮುಗಿಯಬೇಕಿತ್ತು. ನೋಡಬೇಕಾದ ಹಳ್ಳಗಳು ಇನ್ನೂ ಬಹಳ ಇದ್ದವು. ಒಂದೇ ಹಳ್ಳಕ್ಕೆ ಅಂಟಿಕೊಂಡರೆ ಉಳಿದವು ಬಿಟ್ಟುಹೋಗುತ್ತವೆ. ಇದೆಲ್ಲ ನನಗೂ ಗೊತ್ತಿತ್ತು. ಆದರೂ ನನ್ನ ಕಣ್ಣಿನ ಮೇಲೆ ನನಗೆ ಆವತ್ತು ಒಂದು ಚೂರೂ ಅನುಮಾನ ಬರಲಿಲ್ಲ. "ಒಂದು ವಾರ ಕೊಡಿ ಸರ್. ಸಿಗದಿದ್ದರೆ ಉಳಿದ ಹಳ್ಳಗಳನ್ನೆಲ್ಲ ನಾನೊಬ್ಬಳೇ ಮುಗಿಸ್ತೀನಿ," ಎಂದೆ. ಅವರು ಮಂಡಿ ಸವರಿಕೊಂಡು ನಕ್ಕರು. "ನನ್ನ ಮಂಡಿಗೂ ಒಂದು ವಾರ ರಜಾ ಆಯ್ತು ಬಿಡು," ಎಂದರು.

ಹಳ್ಳದ ಗುಂಟ ಹತ್ತಿದೆ. ಕೆರೆಯ ಕೆಳಗೆ ಹರಳುಗಳು ಬೆರಳೆಣಿಕೆಯಷ್ಟು. ಕೆರೆ ದಾಟಿದ ಮೇಲೆ ಜಾಸ್ತಿಯಾದವು. ಅಂಚುಗಳು ಸವೆಯದೆ ಚೂಪಾಗಿದ್ದವು, ಎಂದರೆ ದೂರದಿಂದ ಬಂದವಲ್ಲ. ಇನ್ನೂ ಮೇಲೆ, ಒಂದು ತೆಂಗಿನ ತೋಟದ ಬದು ದಾಟಿದ ಕೂಡಲೇ ಹಠಾತ್ತನೆ ನಿಂತುಹೋದವು. ಒಂದೂ ಇಲ್ಲ. ಹಾಗಾದರೆ ಕಲ್ಲು ಆ ಬದುವಿನ ಆಸುಪಾಸಿನಲ್ಲೇ ಇರಬೇಕು. ತಲೆಯೆತ್ತಿ ನೋಡಿದರೆ ತೋಟದ ಹಿಂದಿನ ರಾಗಿ ಹೊಲದಲ್ಲಿ ಹಳೆಯ ತೆರೆದ ಬಾವಿಯೊಂದನ್ನು ಆಳ ಮಾಡಿಸುತ್ತಿದ್ದರು. ಬಾವಿಯ ಸುತ್ತ ಗುಡ್ಡೆ ಹಾಕಿದ್ದ ಮಣ್ಣು ನೀಲಿಯಾಗಿತ್ತು.

ಓಡಿದೆ. ಗುಡ್ಡೆಯಲ್ಲಿ ಇನ್ನೂ ಪುಡಿಯಾಗದೆ ಉಳಿದಿದ್ದ ಒಂದು ಗಟ್ಟಿ ತುಂಡನ್ನು ಸುತ್ತಿಗೆಯಿಂದ ಒಡೆದೆ. ಕಡಲೆಬೀಜದ ಉಂಡೆ ಒಡೆದರೆ ಹೇಗೆ ಕಾಣುತ್ತದೋ ಹಾಗಿತ್ತು: ಬೂದುನೀಲಿಯ ಪಾಕದೊಳಗೆ ಬೇರೆ ಬೇರೆ ಕಲ್ಲಿನ ಚೂರುಗಳು, ಮಿನುಗುವ ಅಭ್ರಕ, ನಡುವೆ ಅದೇ ನೇರಳೆ ಕೆಂಪಿನ ಹರಳು. ಪುಸ್ತಕದಲ್ಲಿ ನೋಡಿದ್ದು, ಮ್ಯೂಸಿಯಮ್ಮಿನ ಗಾಜಿನ ಹಿಂದೆ ನೋಡಿದ್ದು, ಈಗ ನನ್ನ ಅಂಗೈಯಲ್ಲಿ ಒದ್ದೆಯಾಗಿ ಕೂತಿತ್ತು. ನಾನು ಜೋರಾಗಿ ನಕ್ಕಿರಬೇಕು.

"ಯಾಕವ್ವ, ಮಣ್ ನೋಡಿ ನಗ್ತೀಯಾ? ನಾವು ಅಳ್ತಾ ಇದ್ದೀವಿ ಇಲ್ಲಿ," ಎಂದಿತು ಹಿಂದಿನಿಂದ ಒಂದು ದನಿ.

ಅದು ಜಯಮ್ಮ. ಐವತ್ತರ ಆಸುಪಾಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಹಸಿಹುಲ್ಲಿನ ಹೊರೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತನ್ನ ಪಾಲಿಗೆ ಬಂದ ಹೊಲದಲ್ಲೇ ಮನೆ ಕಟ್ಟಿಕೊಂಡು, ಹಸು ಸಾಕಿ ಬದುಕು ಕಟ್ಟಿದ್ದಳು. ಅಣ್ಣ ರಂಗಸ್ವಾಮಿ ಮುಂದಿನ ತೆಂಗಿನ ತೋಟವನ್ನು ತಾನಿಟ್ಟುಕೊಂಡು, ಹಿಂದಿನ ಈ ನೆಲವನ್ನು ತಂಗಿಗೆ ಬಿಟ್ಟಿದ್ದ. ಅಲ್ಲಿನ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಕಾಲು ನುಂಗುತ್ತದೆ. ಬಾವಿಯ ಗೋಡೆ ಆಗಾಗ ಜರಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ದಾರಿಯಿರಲಿಲ್ಲ. ರಸ್ತೆಗೆ ಬರಬೇಕಾದರೆ ಅಣ್ಣನ ತೋಟದ ಬದುವಿನ ಮೇಲೆ ನಡೆದೇ ಬರಬೇಕು. ನಡೆಯಲು ಅಡ್ಡಿಯಿಲ್ಲ, ಗಾಡಿಗೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ತಲೆಯ ಮೇಲೆ, ಗೊಬ್ಬರ ತಲೆಯ ಮೇಲೆ, ರಾಗಿ ಚೀಲ ತಲೆಯ ಮೇಲೆ. "ನನ್ ತಲೆನೇ ನಂಗೆ ಟ್ರ್ಯಾಕ್ಟರ್ರು ಕಣವ್ವ," ಎಂದಳು ನೀರು ಕೊಡುತ್ತ.

ನಮಗೂ ಈಗ ದಾರಿ ಬೇಕಾಯಿತು. ಕೈಯಳತೆಯ ಮಾದರಿಗಳನ್ನು ನಾನು ಚೀಲದಲ್ಲಿ ಹೊತ್ತು ತಂದೆ. ಅದು ಮ್ಯೂಸಿಯಮ್ಮಿಗೂ ಸೂಕ್ಷ್ಮದರ್ಶಕಕ್ಕೂ ಸಾಕು. ಆದರೆ ವಜ್ರ ಇದೆಯೋ ಇಲ್ಲವೋ ತಿಳಿಯಲು ನಾಲ್ಕು ತುಂಡು ಸಾಲದು. ಲೋಡುಗಟ್ಟಲೆ ಕಲ್ಲು ಸಾಗಿಸಿ, ಪುಡಿ ಮಾಡಿ, ತೊಳೆದು ನೋಡಬೇಕು. ಸರ್ ಬಂದು ಬಾವಿ ನೋಡಿದರು. ಒಡೆದ ತುಂಡಿನ ಮೇಲೆ ಲೆನ್ಸು ಹಿಡಿದರು. ಆಮೇಲೆ ನನ್ನ ಭುಜ ತಟ್ಟಿ, "ಹರಳು ಬೇರೆ ಅಂತ ಹೇಳಿದವಳು ನೀನು. ಬರೆಯುವಾಗಲೂ ಹಾಗೇ ಬರೀತೀನಿ," ಎಂದರು. ಮಾತು ಕಡಿಮೆಯವರ ಬಾಯಲ್ಲಿ ಅಷ್ಟು ಬಂದದ್ದು ನನಗೆ ಇವತ್ತಿಗೂ ಸಾಕು.

ದಾರಿ ಕೇಳಲು ರಂಗಸ್ವಾಮಿಯವರ ತೋಟಕ್ಕೆ ಹೋದೆವು. ದೊಡ್ಡ ಆಳು, ಬಿಳಿ ಪಂಚೆ, ಮಾತಿನಲ್ಲಿ ಮರ್ಯಾದೆ. ಸುಲಿದ ಕಾಯಿಗಳ ರಾಶಿಯ ಪಕ್ಕ ಸರ್‌ಗೆ ಕುರ್ಚಿ ಹಾಕಿಸಿದರು. ನನ್ನನ್ನು ನೋಡಿ, "ನೀವು ಅರಸೀಕೆರೆಯವರಂತೆ. ಯಾರ ಪೈಕಿ?" ಎಂದರು.

"ನಾವು ಬೌದ್ಧರು," ಎಂದೆ.

"ಓಹೋ," ಎಂದರು. ಮುಂದೆ ಕೇಳಲಿಲ್ಲ, ಕೇಳಬೇಕಾದ್ದು ತಿಳಿದಿತ್ತು. ನನಗೆ ಕುರ್ಚಿ ಬರಲಿಲ್ಲ. ಎಳನೀರು ಮಾತ್ರ ಎಲ್ಲರಿಗೂ ಬಂತು. ಎಳನೀರಿಗೆ ಲೋಟ ಬೇಕಿಲ್ಲವಲ್ಲ, ಅವರ ಇಕ್ಕಟ್ಟು ಅಲ್ಲಿಗೆ ತೀರಿತು. ನಾನು ಕಾಯಿಯ ರಾಶಿಯ ಮೇಲೇ ಕೂತು ನಿಧಾನವಾಗಿ ಕುಡಿದೆ. ದಾರಿಯ ಮಾತಿಗೆ ಅವರು ಅಡ್ಡಡ್ಡ ತಲೆಯಾಡಿಸಿಬಿಟ್ಟರು. "ಗಾಡಿ ಓಡಿದ್ರೆ ತೆಂಗಿನ ಬೇರು ಸಾಯ್ತವೆ. ಇವತ್ತು ನಿಮ್ ಜೀಪು ಬಿಟ್ರೆ ನಾಳೆ ನಮ್ ಜಯಮ್ಮ ಟ್ರ್ಯಾಕ್ಟರ್ ತರ್ತಾಳೆ. ಆಗಕಿಲ್ಲ ಸಾರ್."

ಆದರೆ ಅದೇ ವಾರ ಮಂಜ ಗಂಡಸಿಯ ಟೀ ಅಂಗಡಿಯಲ್ಲಿ ಬಾಯಿ ಬಿಟ್ಟ. "ವಜ್ರದ ಕಲ್ಲು ಸಿಕ್ಕೈತೆ" ಎಂದನಂತೆ. 'ವಜ್ರ ಇರಬಹುದಾದ ಜಾತಿಯ ಕಲ್ಲು' ಎಂದು ಹೇಳುವಷ್ಟು ತಾಳ್ಮೆ ಯಾವ ಟೀ ಅಂಗಡಿಗಿದೆ? ಮಾರನೆಯ ದಿನದಿಂದ ಬಾವಿಯ ಸುತ್ತ ಜನ. ಮಣ್ಣು ಜೇಬಿಗೆ ತುಂಬಿಕೊಂಡವರು ಕೆಲವರು, ಮೊಬೈಲಿನಲ್ಲಿ ಚಿತ್ರ ತೆಗೆದವರು ಹಲವರು. ಜಯಮ್ಮ ಹಸುವಿನ ಹಗ್ಗ ಹಿಡಿದುಕೊಂಡು ಎಲ್ಲರನ್ನೂ ಗದರಿ ಓಡಿಸುತ್ತಿದ್ದಳು.

ನಾಲ್ಕು ದಿನ ಬಿಟ್ಟು ರಂಗಸ್ವಾಮಿಯವರೇ ತಂಗಿಗೆ ಹೇಳಿ ಕಳಿಸಿದರು: ನೆಲ ಅದಲುಬದಲು ಮಾಡಿಕೊಳ್ಳೋಣ. ಮುಂದಿನ ತೋಟ ನೀನು ತಗೋ, ಹಿಂದಿನ ಹೊಲ ನನಗೆ ಕೊಡು.

ಜಯಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕರೆಯುವುದನ್ನು ನಿಲ್ಲಿಸದೆ ಕೇಳಿದಳು: "ನಿಜ ಹೇಳು. ಐತಾ, ಇಲ್ವಾ?"

ನನಗೆ ಅವತ್ತು ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಒಂದು ಮಾತು ಆಡದೆ ಸುಮ್ಮನಿದ್ದರೆ ಸಾಕು, ಈ ಹೆಂಗಸಿಗೆ ಫಲ ಬಿಡುವ ತೆಂಗಿನ ತೋಟ ಬರುತ್ತದೆ. ಕುರ್ಚಿ ಕೊಡದ ಮನುಷ್ಯನಿಗೆ ಕಾಲು ನುಂಗುವ ಮಣ್ಣು ಹೋಗುತ್ತದೆ. ಸುಳ್ಳು ಕೂಡ ಹೇಳಬೇಕಾಗಿಲ್ಲ. 'ವರದಿ ಬರಬೇಕು' ಎಂದರಾಯಿತು. ಸರ್ ಹೇಳಿಕೊಟ್ಟದ್ದೂ ಅದೇ.

"ಕಲ್ಲು ನಿಜ, ಜಯಮ್ಮ," ಎಂದೆ. "ಆದರೆ ಇಂಥ ಕಲ್ಲಲ್ಲಿ ವಜ್ರ ಇರೋದು ಬಹಳ ಅಪರೂಪ. ಹತ್ತು ಕಡೆ ಸಿಕ್ಕಿದ್ರೆ ಒಂದು ಕಡೆನೂ ಇರುತ್ತೆ ಅನ್ನೋ ಹಾಗಿಲ್ಲ. ನಿಮ್ಮದರಲ್ಲಿ ಇದೆಯೋ ಇಲ್ವೋ ನಂಗೆ ಗೊತ್ತಿಲ್ಲ. ಇಲ್ಲ ಅಂತ್ಲೇ ಇಟ್ಕೊಳ್ಳೋದು ಜಾಣತನ."

"ನಮ್ಮಣ್ಣ ಕೇಳಿದ್ರೆ?"

"ಇದನ್ನೇ ಹೇಳ್ತೀನಿ."

ಅವಳು ಕ್ಯಾನಿನ ಮುಚ್ಚಳ ಒತ್ತಿ ಎದ್ದಳು. "ಹೇಳು. ಒಳ್ಳೇದೇ ಆಯ್ತು. ನಾಳೆ ಮೋಸ ಮಾಡಿದ್ಲು ಅನ್ನೋ ಮಾತು ನಂಗೂ ಬೇಡ," ಎಂದಳು. ಆಮೇಲೆ ಕ್ಯಾನು ತಲೆಗೇರಿಸಿಕೊಂಡು, "ಬಾ, ನಡಿ," ಎಂದಳು. ಬದುವಿನ ಮೇಲೆ ಅವಳು ಮುಂದೆ, ನಾನು ಹಿಂದೆ.

ತೋಟದಲ್ಲಿ ಈ ಅದಲುಬದಲಿನ ಮಾತಿಗೆಂದೇ ಕರೆಸಿದ್ದ ಊರ ಹಿರಿಯರು ಮೂರ್ನಾಲ್ಕು ಜನ ಇದ್ದರು, ಸರ್ ಆಗಲೇ ಬಂದು ಕೂತಿದ್ದರು. ರಂಗಸ್ವಾಮಿ ನನ್ನನ್ನು ಕಂಡವರೇ ಎದ್ದು, ತಾವು ಕೂತಿದ್ದ ಕುರ್ಚಿಯನ್ನೇ ಮುಂದಕ್ಕೆ ತಳ್ಳಿ, "ಕೂತ್ಕಳಿ ಮೇಡಂ," ಎಂದರು. ಕೂತೆ. ಎದ್ದು ನಿಂತೇ ಹೇಳುತ್ತೇನೆ ಎನ್ನುವ ಬಿಗುಮಾನ ನನಗಿರಲಿಲ್ಲ; ಬೆಳಗಿನಿಂದ ಹಳ್ಳದಲ್ಲಿ ಬಗ್ಗಿ ಬೆನ್ನು ನೋಯುತ್ತಿತ್ತು.

"ವಜ್ರ ಐತಾ ಮೇಡಂ? ನೀವೇ ಕಂಡುಹಿಡಿದೋರು. ಬಾಯ್ಬಿಟ್ಟು ಹೇಳಿ."

ಸರ್ ಕೆಮ್ಮಿದರು. ನಾನು ಕೊಟ್ಟಿಗೆಯಲ್ಲಿ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಕಲ್ಲು ನಿಜ. ವಜ್ರ ಅಪರೂಪ. ಇಲ್ಲ ಅಂತಲೇ ಇಟ್ಟುಕೊಳ್ಳಿ. ಇದನ್ನು ನಂಬಿ ತೋಟ ಕೊಡಬೇಡಿ.

ರಂಗಸ್ವಾಮಿಯವರ ಮುಖದಲ್ಲಿ ಅನುಮಾನ ಆಡಿತು. "ಇಲ್ಲ ಅಂದ್ರೆ ಇಲ್ಲಿ ಯಾಕ್ ಬೀಡು ಬಿಟ್ಟಿದ್ದೀರಿ?"

"ಕಲ್ಲಿಗೋಸ್ಕರ. ಈ ಕಡೆ ಇಂಥ ಕಲ್ಲು ನಾನು ಎಲ್ಲೂ ನೋಡಿಲ್ಲ. ವಜ್ರ ಇಲ್ಲದಿದ್ದರೂ ನಮಗೆ ಬೇಕು."

ಅವರಿಗೆ ಅದು ನಂಬುವ ಮಾತಾಗಿ ಕಾಣಲಿಲ್ಲ. ಬರಿಯ ಕಲ್ಲಿಗಾಗಿ ಯಾರಾದರೂ ಬಿಸಿಲಲ್ಲಿ ಸಾಯುತ್ತಾರೆಯೇ? ಅವರು ತಂಗಿಯ ಕಡೆ ತಿರುಗಿದರು. "ಏನಂತೀಯಾ? ಅದಲುಬದಲು ಮಾಡ್ಕಳಾಣ್ವಾ?"

ಜಯಮ್ಮ ಕ್ಯಾನು ಇಳಿಸಿರಲಿಲ್ಲ. ತಲೆಯ ಮೇಲೆ ಅದನ್ನು ಹಿಡಿದುಕೊಂಡೇ ಹೇಳಿದಳು: "ನಿನ್ ತೋಟ ನಂಗ್ ಬೇಡ ಕಣಣ್ಣ. ನೀನು ನೆಟ್ಟಿದ್ದು, ನೀನು ನೀರ್ ಹಾಕಿದ್ದು. ನನ್ ಹೊಲಾನೂ ಬಿಡಕಿಲ್ಲ. ಕಲ್ಲು ತೊಳ್ದು ನೋಡ್ತೀವಿ ಅಂತವ್ರೆ ಇವ್ರು. ನೋಡ್ಲಿ. ಅದಕ್ಕೆ ಗಾಡಿ ಬರ್ಬೇಕು, ಗಾಡಿಗೆ ದಾರಿ ಬೇಕು. ಬದುವಿನ ಗುಂಟ ಒಂದು ಗಾಡಿಯಗಲ ಬಿಡು. ನಾನೂ ನನ್ ಕಡೆಯಿಂದ ಅಷ್ಟೇ ಬಿಡ್ತೀನಿ. ಬಿಟ್ಟಿದ್ದು ಇಬ್ಬರಿಗೂ ಶಾಶ್ವತ. ವಜ್ರ ಬಂದ್ರೂ ಸೈ, ಬರದಿದ್ರೂ ಸೈ. ಇವರೆಲ್ಲ ಕೇಳ್ಕಂಡವ್ರೆ."

ಹಿರಿಯರಲ್ಲೊಬ್ಬರು, "ನ್ಯಾಯವಾಗೈತೆ ಕಣೋ ರಂಗ. ತೋಟಕ್ಕೆ ತೋಟ ಉಳೀತು, ತಂಗಿಗೆ ತಂಗಿ ಉಳಿದ್ಲು," ಎಂದರು. ರಂಗಸ್ವಾಮಿ ನನ್ನನ್ನೊಮ್ಮೆ, ತಂಗಿಯ ತಲೆಯ ಮೇಲಿದ್ದ ಕ್ಯಾನನ್ನೊಮ್ಮೆ ನೋಡಿದರು. ವಜ್ರದ ಆಸೆ ಅವರನ್ನು ಬಿಟ್ಟಿರಲಿಲ್ಲ. ಕಲ್ಲು ತೊಳೆಯದೆ ಅದು ಬಗೆಹರಿಯುವಂತಿರಲಿಲ್ಲ. "ಆಗ್ಲಿ. ಬೇರು ಕಡೀದಂಗೆ ಮಾಡ್ಸು," ಎಂದರು.

ಜಯಮ್ಮ ಒಂದು ದಿನವೂ ತಡಮಾಡಲಿಲ್ಲ. ಮಾರನೆಯ ಬೆಳಿಗ್ಗೆಯೇ ಜೆಸಿಬಿ ಬಂದು ನಿಂತಿತ್ತು. ಬಾವಿಯಿಂದ ಎತ್ತಿದ ಗಟ್ಟಿ ಕಲ್ಲು ಲೋಡಾಗಿ ಹೋಯಿತು, ಉಳಿದ ಜಲ್ಲಿ ದಾರಿಗೆ ಬಿತ್ತು. ಬಿಸಿಲು ಏರಿತು, ಹೊಂಗೆ ಚಿಗುರಿತು. ನಾನು ಬಾವಿಯ ಪದರ ಪದರದಿಂದ ಮಾದರಿ ತೆಗೆದೆ: ಮೇಲೆ ಹಳದಿಗೆ ತಿರುಗಿದ ಮಣ್ಣು, ಅದರ ಕೆಳಗೆ ನೀಲಿ ಜೇಡಿ, ತಳದಲ್ಲಿ ಕಬ್ಬಿಣದಂಥ ಕಲ್ಲು. ಸುತ್ತಿಗೆಯ ಹಿಡಿ ಅಂಗೈಯಲ್ಲಿ ಗುಳ್ಳೆ ಎಬ್ಬಿಸಿತು, ಗುಳ್ಳೆ ಒಡೆದು ಗಟ್ಟಿಯಾಯಿತು. ಅಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಯುಗಾದಿಯ ದಿನ ಜಯಮ್ಮ ಬಾವಿಗೆ ಪೂಜೆ ಮಾಡಿ ನನಗೂ ಸರ್‌ಗೂ ಒಂದೇ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸಿದಳು. ಸರ್ ಮಾತಿಗೆ ತಪ್ಪಲಿಲ್ಲ. ವರದಿಯ ಮೊದಲ ಪುಟದಲ್ಲೇ ನನ್ನ ಹೆಸರು ಬಂತು. ನಾನು ಒಡೆದ ಮೊದಲ ತುಂಡು ಅವರ ವಿಭಾಗದ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಕೂತಿತು. ಈಗಿನ ಈ ಕಾಲೇಜು ಕೆಲಸದ ಸಂದರ್ಶನಕ್ಕೆ ಹೋದಾಗ ಅದರ ಬಗ್ಗೆಯೇ ಕೇಳಿದರು, ಅದರ ಬಗ್ಗೆಯೇ ಅರ್ಧ ಗಂಟೆ ಹೇಳಿ ಬಂದೆ.

ಪರೀಕ್ಷೆಯ ಫಲಿತಾಂಶ ಬಂದದ್ದು ಮುಂಗಾರು ಶುರುವಾದ ಮೇಲೆ. ವಜ್ರವಿಲ್ಲ. ಒಂದು ಕಣವೂ ಇಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಗಂಡಸಿಯಲ್ಲಿ ಬಸ್ಸಿಳಿದು, ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಳ್ಳುತ್ತ ಆಟೋದಲ್ಲಿ ಹೊಸ ದಾರಿಯವರೆಗೂ ಹೋದೆ. ಜಯಮ್ಮ ಕೊಟ್ಟಿಗೆಯ ಮುಂದೆಯೇ ಇದ್ದಳು. ಹಸುಗಳು ಮೊದಲಿಗಿಂತ ಹೆಚ್ಚಾಗಿದ್ದವು.

"ಜಯಮ್ಮ, ಆ ಕಲ್ಲಿನ ವಿಷಯ ಹೇಳೋಕೆ ಬಂದೆ. ಮನಸ್ಸಿಗೆ ಬೇಜಾರು ಮಾಡ್ಕೋಬಾರ್ದು..."

"ತಡಿ ಕಣವ್ವ, ಗಾಡಿ ಬಂತು!" ಎಂದು ಕೈಯೆತ್ತಿ ನನ್ನ ಮಾತು ತಡೆದಳು. ಬದುವಿನ ಗುಂಟ ಹಾಲಿನ ವ್ಯಾನು ನಿಧಾನವಾಗಿ ಓಲಾಡುತ್ತ ಒಳಗೆ ಬರುತ್ತಿತ್ತು. ಅಲ್ಲೇ ದಾರಿಯ ಮಗ್ಗುಲಲ್ಲಿ, ತೋಟದ ಅಂಚಿಗೆ, ರಂಗಸ್ವಾಮಿಯವರ ಮನೆಯ ಕ್ಯಾನುಗಳೂ ಸಾಲಾಗಿ ಕಾದಿದ್ದವು. ಅವುಗಳ ಪಕ್ಕ ರಂಗಸ್ವಾಮಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ನನ್ನನ್ನು ಕಂಡು ಅಲ್ಲಿಂದಲೇ ಕೂಗಿದರು: "ಏನಾಯ್ತು ಮೇಡಂ?"

"ಇಲ್ಲ ಸ್ವಾಮಿ. ವಜ್ರ ಇಲ್ಲ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ವ್ಯಾನು ಅವರ ಮುಂದೆ ಬಂದು ನಿಂತಿತು. ಡ್ರೈವರು ಹಾರನ್ ಹೊಡೆದ. ಅವರು ಬಗ್ಗಿ ಮೊದಲ ಕ್ಯಾನು ಎತ್ತಿ ಕೊಟ್ಟರು, ಆಮೇಲೆ ಎರಡನೆಯದು. ಜಯಮ್ಮ ತನ್ನದನ್ನೂ ಏರಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು.

"ಅದನ್ನ ನೀನು ಆವತ್ತೇ ಹೇಳಿದ್ಯಲ್ಲವ್ವ," ಎಂದಳು. "ಅಷ್ಟಕ್ಕೆ ಬಸ್ಸಿಡ್ಕಂಡ್ ಬಂದ್ಯಾ? ಬಾ, ಕಾಫಿ ಕುಡಿ."